ನಾಲ್ಕು ಡಿಗ್ರಿಯ ಕಡಲಿನಲ್ಲಿ ಎರಡು ಗಂಟೆ

ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ, ಗೌರಿಬಿದನೂರಿಗೆ ಮುಂಚೆ ಸಿಕ್ಕುವ ಊರು ತೊಂಡೇಬಾವಿ. ಇಲ್ಲಿಂದ ನೇರವಾಗಿ ಮೂಡಲಿಗೆ ಹೋದರೂ ಪಡುವಲಿಗೆ ಹೋದರೂ ಕಡಲು ಹೆಚ್ಚುಕಡಮೆ ೩೦೦ ಕಿಲೋಮೀಟರ್ ದೂರ. ಇಂಥ ಊರಿನ ಹುಡುಗರಿಗೆ ಈಜು ಎಂದರೆ ಬಾವಿಯ ಈಜು. ಇಂದು ನಮ್ಮ ಸೀಮೆಯ ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿ, ಅವುಗಳ ಸ್ಥಾನಕ್ಕೆ ಕೊಳವೆಬಾವಿಗಳು ಬಂದಿವೆ. ಆದರೆ ನಾನು ಬಾಲಕನಾಗಿದ್ದ ಕಾಲಕ್ಕೆ ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಒಂದೆರಡು ಕಲ್ಲುಕಟ್ಟಡದ ಬಾವಿಗಳಲ್ಲಿ ಆಳುದ್ದದ ನೀರು ನಿಲ್ಲುತ್ತಿತ್ತು.

ಹತ್ತು ವರ್ಷದವನಿದ್ದಾಗ ಒಂದು ಬೇಸಗೆಯ ನಡುಹಗಲು, ಬಿಸಿಲಿನಲ್ಲಿ ಓಡಿಬಂದು, ಸೊಂಟಕ್ಕೆ ಸೋರೆಬುರುಡೆಯನ್ನೂ ಕಟ್ಟಿಕೊಳ್ಳದೆ, ಬಾವಿಯ ಮೇಲುಕಟ್ಟೆಯಿಂದ ಒಮ್ಮೆಗೇ ಧುಮುಕಿಬಿಟ್ಟೆ. ತಲೆ ನೀರಿನೊಳಗೆ ಇದ್ದಾಗಲೇ ನನ್ನ ಬಾಯಿ ತೆರೆಯಿತು. ನಾನು ತೆರೆದೆನೆಂದು ಹೇಳಲಾರೆ. ಅದು ತಾನಾಗಿ ತೆರೆಯಿತು, ಎದೆ ತಾನಾಗಿ ಉಬ್ಬಿತು, ಉಸಿರಿನ ಬದಲು ನೀರು ಒಳಗೆ ಹೋಯಿತು. ಮೆಟ್ಟಿಲ ಮೇಲಿದ್ದ ಸೋದರಮಾವ ಹಾರಿ ಕೂದಲು ಹಿಡಿದು ಎಳೆಯದಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಮಾವ ಬೆನ್ನಿನ ಮೇಲೆ ಎರಡು ಬಿಗಿದು, "ಎಷ್ಟು ಸಲ ಹೇಳಿದೀನೋ ನಿಂಗೆ, ಮೊದಲು ಮೆಟ್ಲ ಮೇಲೆ ಕೂತ್ಕೊಂಡು ಎದೆಗೆ ನೀರು ಹಾಕ್ಕೋ, ಆಮೇಲೆ ಇಳಿ ಅಂತ?" ಎಂದರು. ಆ ಮಾತಿನಲ್ಲಿ ಎಷ್ಟು ಶರೀರವಿಜ್ಞಾನವಿತ್ತೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ, ಪ್ರಪಂಚದ ಇನ್ನೊಂದು ತುದಿಯ ಜಲಸಂಧಿಯೊಂದನ್ನು ಈಜಿ ದಾಟಿದ ಹೆಂಗಸಿನ ವೃತ್ತಾಂತವನ್ನು ಓದಿದಾಗ.

ಆ ಜಲಸಂಧಿಯ ಹೆಸರು ಬೇರಿಂಗ್. ಏಷ್ಯಾಖಂಡದ ಈಶಾನ್ಯದ ಕೊನೆಯೂ ಅಮೆರಿಕಾಖಂಡದ ವಾಯವ್ಯದ ಕೊನೆಯೂ ಇಲ್ಲಿ ಒಂದನ್ನೊಂದು ಸಮೀಪಿಸುತ್ತವೆ; ನಡುವಣ ಅಂತರ ಸುಮಾರು ೮೫ ಕಿಲೋಮೀಟರು. ಪೆಸಿಫಿಕ್ ಸಾಗರದ ನೀರಿನ ಮಟ್ಟ ಉತ್ತರಧ್ರುವ ಸಾಗರದ ಮಟ್ಟಕ್ಕಿಂತ ತುಸು ಎತ್ತರದಲ್ಲಿರುವುದರಿಂದ ನೀರು ಇಲ್ಲಿ ಬಹುಮಟ್ಟಿಗೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಸಂಧಿಯ ನಟ್ಟನಡುವೆ ಡಯೋಮೀಡ್ ಎಂಬ ಎರಡು ಬಂಡೆಗಲ್ಲಿನ ದ್ವೀಪಗಳಿವೆ. ದೊಡ್ಡದು ರಷ್ಯಕ್ಕೆ ಸೇರಿದ್ದು, ಚಿಕ್ಕದು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ್ದು. ಇವೆರಡರ ನಡುವೆ ನಾಲ್ಕು ಕಿಲೋಮೀಟರಿಗಿಂತ ಕಡಮೆ ನೀರು. ಅದೇ ನೀರಿನ ಮೇಲೆ ಎರಡು ರಾಷ್ಟ್ರಗಳ ಗಡಿಯೂ ಅಂತರರಾಷ್ಟ್ರೀಯ ದಿನಾಂಕರೇಖೆಯೂ ಹಾದುಹೋಗುತ್ತವೆ. ಚಿಕ್ಕ ದ್ವೀಪದವನು ಎದುರು ದ್ವೀಪವನ್ನು ನೋಡಿದರೆ ನಾಳೆಯನ್ನು ನೋಡಿದಂತೆ!

೧೯೪೦ರ ದಶಕದ ಕೊನೆಯಿಂದ ಈ ಗಡಿ ಮುಚ್ಚಿಹೋಯಿತು. ಎರಡು ದ್ವೀಪಗಳಲ್ಲಿ ಬಾಳುತ್ತಿದ್ದ ಒಂದೇ ಬಳಗದ ಜನ ಬೇರೆಬೇರೆಯಾದರು. ದೊಡ್ಡ ದ್ವೀಪದ ನಿವಾಸಿಗಳನ್ನು ಸೋವಿಯೆತ್ ಸರಕಾರ ಮುಖ್ಯಭೂಮಿಗೆ ಸಾಗಿಸಿತು. ಆ ಶೀತಲ ಯುದ್ಧದ ಬಿಸಿ ನಮ್ಮ ತಾಲ್ಲೂಕಿಗೂ ತಟ್ಟದೆ ಇರಲಿಲ್ಲ. ೧೯೬೫ರಲ್ಲಿ ಗೌರಿಬಿದನೂರಿನ ಬಳಿ ಸ್ಥಾಪಿತವಾದ ಭೂಕಂಪನ ಮಾಪಕಗಳ ಸಾಲು ದೂರದೇಶಗಳ ನೆಲದಡಿಯ ಪರಮಾಣು ಸ್ಫೋಟಗಳ ಕಂಪನವನ್ನು ಆಲಿಸಲೆಂದೇ ಆದದ್ದು.

ಇಂಥ ಗಡಿಯನ್ನು ಈಜಿ ದಾಟುವೆನೆಂದು ಹೊರಟವಳು ಕ್ಯಾಲಿಫೋರ್ನಿಯದ ಲಿನ್ ಕಾಕ್ಸ್. ಆಕೆ ೧೯೭೨ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಹತ್ತು ಗಂಟೆಯೊಳಗೆ ದಾಟಿ ದಾಖಲೆ ಮಾಡಿದ್ದಳು. ಬೇರಿಂಗ್ ಈಜಿಗೆ ಅನುಮತಿ ದೊರಕಿಸಿಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು. ೧೯೮೭ರ ಆಗಸ್ಟ್ ೭ರಂದು ಆಕೆ ಚಿಕ್ಕ ಡಯೋಮೀಡಿನಿಂದ ನೀರಿಗಿಳಿದು ಎರಡು ಗಂಟೆ ಐದಾರು ನಿಮಿಷಗಳಲ್ಲಿ ದೊಡ್ಡ ಡಯೋಮೀಡನ್ನು ಮುಟ್ಟಿದಳು. ಅಲ್ಲಿಯ ಪಂಚಾಂಗದಂತೆ ಆಗ ಆಗಸ್ಟ್ ೮. ಹೊರಟಾಗ ನೀರಿನ ಉಷ್ಣತೆ ಆರೇಳು ಡಿಗ್ರಿ ಸೆಂಟಿಗ್ರೇಡು. ದೊಡ್ಡ ದ್ವೀಪದ ಬಳಿ ಅದು ನಾಲ್ಕಕ್ಕೂ ಕೆಳಗೆ ಇಳಿದಿತ್ತು. ಆಕೆಯ ಮೈಮೇಲೆ ಇದ್ದದ್ದು ಸಾಮಾನ್ಯವಾದ ಈಜುಡುಗೆ, ತಲೆಗೆ ಟೊಪ್ಪಿ, ಕಣ್ಣಿಗೆ ಕನ್ನಡಕ, ಇಷ್ಟೇ. ಪಕ್ಕದಲ್ಲಿ ಆ ದ್ವೀಪದವರ ವಾಲ್ರಸ್ ಚರ್ಮದ ದೋಣಿಗಳು ಬರುತ್ತಿದ್ದವು; ಅವುಗಳಲ್ಲಿ ವೈದ್ಯರೂ ಇದ್ದರು. ಅವರಲ್ಲೊಬ್ಬರು ಲಂಡನ್ನಿನ ವಿಲಿಯಂ ಕೀಟಿಂಜ್, ತಣ್ಣೀರು ಮನುಷ್ಯನನ್ನು ಹೇಗೆ ಕೊಲ್ಲುತ್ತದೆಂಬುದನ್ನು ಜೀವಮಾನವಿಡೀ ಅಭ್ಯಸಿಸಿದ ಶರೀರವಿಜ್ಞಾನಿ. ಕಾಕ್ಸಳ ದೇಹದೊಳಗಿನ ಉಷ್ಣತೆಯನ್ನು ತಿಳಿಯಲು ಆಕೆಗೆ ಒಂದು ಗುಳಿಗೆಯನ್ನು ನುಂಗಿಸಿದ್ದರು. ಹೊಟ್ಟೆಯೊಳಗಿದ್ದುಕೊಂಡು ಅದು ರೇಡಿಯೋ ಸಂಕೇತದ ಮೂಲಕ ಸಮಾಚಾರ ಕಳುಹಿಸುವ ಏರ್ಪಾಡು.

ಇಷ್ಟನ್ನು ಓದಿದ ವಾಚಕರಿಗೆ ಇದರಲ್ಲಿ ಅಂಥ ಅತಿಶಯವೇನೆಂದು ತೋರಬಹುದು. ನಾಲ್ಕು ಕಿಲೋಮೀಟರು ಈಜುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮವನೇ ಆದ ಮಿಹಿರ್ ಸೇನ್ ೧೯೬೬ರ ಏಪ್ರಿಲ್ ೫ ಮತ್ತು ೬ರಂದು ಸಿಂಹಳದ ತಲೈಮನ್ನಾರಿನಿಂದ ಧನುಷ್ಕೋಟಿಗೆ ಪಾಕ್ ಜಲಸಂಧಿಯನ್ನು ೨೫ ಗಂಟೆ ೩೬ ನಿಮಿಷ ಈಜಿ ದಾಟಲಿಲ್ಲವೆ? ಆ ಸಾಹಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಪಾಕ್ ಜಲಸಂಧಿಯ ನೀರು ಏಪ್ರಿಲಿನಲ್ಲಿ ೨೮-೨೯ ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅಲ್ಲಿ ಈಜುಗಾರನ ಶತ್ರುಗಳು ಆಯಾಸ, ನಿದ್ರೆ, ಪ್ರವಾಹ, ಶಾರ್ಕು, ಹಾವು. ಬೇರಿಂಗಿನಲ್ಲಿ ಶತ್ರು ನೀರೇ. ಸೇನನ ಇಪ್ಪತ್ತೈದು ಗಂಟೆಗೂ ಕಾಕ್ಸಳ ಎರಡು ಗಂಟೆಗೂ ಇರುವ ವ್ಯತ್ಯಾಸವನ್ನು ಮೈಲಿಗಲ್ಲಿನಿಂದ ಅಳೆಯಲಾಗದು. ಶಾಖದ ಜಮಾಖರ್ಚಿನಿಂದ ಅಳೆಯಬೇಕು. ಆ ಲೆಕ್ಕವನ್ನು ನಾವೇ ಮಾಡಿ ನೋಡೋಣ.

ಮೊದಲು ಬಾವಿಗೆ ಹಿಂತಿರುಗೋಣ. ಪುಷ್ಯಮಾಸದ ಮುಂಜಾನೆ ಬಾವಿಯ ನೀರು ಬೆಚ್ಚಗೂ ಬೇಸಗೆಯಲ್ಲಿ ಕೊರೆಯುವಂತೆಯೂ ಇರುತ್ತದೆಂದು ನಮ್ಮ ಹಳ್ಳಿಯವರೆಲ್ಲ ಬಲ್ಲರು. ನಿಜವಾಗಿ ಆಳದ ಬಾವಿಯ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಭೂಮಿಯ ಮೇಲ್ಮೈಯ ಬಿಸಿಯೂ ಚಳಿಯೂ ಮಣ್ಣಿನೊಳಕ್ಕೆ ಇಳಿಯುವಷ್ಟರಲ್ಲಿ ಕ್ಷೀಣಿಸಿಹೋಗುವುದರಿಂದ, ಹತ್ತು ಮೀಟರಿನ ಆಳದಲ್ಲಿ ಆ ಸ್ಥಳದ ವಾರ್ಷಿಕ ಸರಾಸರಿ ಉಷ್ಣತೆ ಮಾತ್ರ ಉಳಿದಿರುತ್ತದೆ. ನಮ್ಮ ಕಡೆ ಅದು ೨೪-೨೫ ಡಿಗ್ರಿ. ಬದಲಾದದ್ದು ನೀರಲ್ಲ, ನಮ್ಮ ಚರ್ಮ. ಬಿಸಿಲಿನಲ್ಲಿ ಓಡಿಬಂದ ಹುಡುಗನ ಚರ್ಮ ೩೫ ಡಿಗ್ರಿಯಷ್ಟು ಕಾದಿರುವಾಗ ಈ ನೀರು ಹತ್ತು ಡಿಗ್ರಿ ತಣ್ಣಗೆ.

ಆದರೆ ೨೪ ಡಿಗ್ರಿಯ ಗಾಳಿಯಲ್ಲಿ ಅಂಗಿ ಕಳಚಿ ಕುಳಿತವನಿಗೆ ಚಳಿಯೆನಿಸುವುದು ಅಲ್ಪ. ಅದೇ ೨೪ ಡಿಗ್ರಿಯ ನೀರಿನಲ್ಲಿ ಕುಳಿತವನ ಹಲ್ಲು ಅರ್ಧ ಗಂಟೆಯಲ್ಲಿ ಕಟಕಟಿಸುತ್ತದೆ. ಏಕೆ? ಒಂದೇ ಕೋಣೆಯಲ್ಲಿರುವ ಹಿತ್ತಾಳೆಯ ಚೊಂಬೂ ಮರದ ಮಣೆಯೂ ಒಂದೇ ಉಷ್ಣತೆಯಲ್ಲಿದ್ದರೂ ಚೊಂಬು ತಣ್ಣಗೆನಿಸುವುದಕ್ಕೆ ಯಾವುದು ಕಾರಣವೋ ಅದೇ ಇಲ್ಲಿಯೂ ಕಾರಣ. ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚು. ಅಷ್ಟೇ ಅಲ್ಲ, ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖ, ಒಂದು ಲೀಟರು ಗಾಳಿಗೆ ಬೇಕಾದುದರ ಮೂರೂವರೆ ಸಾವಿರ ಪಟ್ಟು. ಮೈಗೆ ತಾಗಿದ ಗಾಳಿ ಬೇಗನೆ ಬೆಚ್ಚಗಾಗಿ ಒಂದು ತೆಳುವಾದ ಹೊದಿಕೆಯಂತೆ ನಿಲ್ಲುತ್ತದೆ. ನೀರು ಹಾಗಲ್ಲ. ಅದು ಎಷ್ಟು ಕೊಟ್ಟರೂ ತೃಪ್ತಿಯಿಲ್ಲದ ಸಾಲಗಾರ. ಅದೂ ಈಜುವವನ ಮೈಸುತ್ತ ಅದು ನಿಮಿಷ ನಿಮಿಷಕ್ಕೂ ಹೊಸದಾಗುತ್ತಿರುತ್ತದೆ.

ಇನ್ನು ಲೆಕ್ಕ. ಸುಮ್ಮನೆ ಕುಳಿತ ಮನುಷ್ಯನ ದೇಹ ಹಳೆಯ ಕಾಲದ ೧೦೦ ವಾಟಿನ ವಿದ್ಯುದ್ದೀಪದಷ್ಟು ಶಾಖವನ್ನು ಉತ್ಪಾದಿಸುತ್ತದೆ. ಬಲವಾಗಿ ಬಹಳ ಹೊತ್ತು ಈಜಬಲ್ಲವನು ೭೦೦ ವಾಟಿನವರೆಗೆ ಉತ್ಪಾದಿಸಬಹುದು. ಇದರಲ್ಲಿ ಮುಂದೆ ಸಾಗಲು ಖರ್ಚಾಗುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಮೆ, ಮಿಕ್ಕದ್ದೆಲ್ಲ ಶಾಖವೇ. ಇದು ಆದಾಯ.

ವೆಚ್ಚವೆಂದರೆ ೩೭ ಡಿಗ್ರಿಯ ದೇಹದಿಂದ ೪ ಡಿಗ್ರಿಯ ಕಡಲಿಗೆ ಹರಿಯುವ ಶಾಖ. ನಡುವೆ ಇರುವ ಮುಖ್ಯವಾದ ತಡೆ ಚರ್ಮದಡಿಯ ಕೊಬ್ಬು. ಕೊಬ್ಬಿನ ವಾಹಕತೆ, ಒಂದು ಮೀಟರಿಗೆ ಒಂದು ಡಿಗ್ರಿಗೆ, ಸುಮಾರು ೦.೨ ವಾಟು. ದೇಹದ ಮೇಲ್ಮೈ ೧.೮ ಚದರ ಮೀಟರೆಂದು ಇಟ್ಟುಕೊಳ್ಳೋಣ. ಉಷ್ಣತೆಯ ಅಂತರ ೩೩ ಡಿಗ್ರಿ. ಈ ಮೂರನ್ನು ಗುಣಿಸಿ ಕೊಬ್ಬಿನ ದಪ್ಪದಿಂದ ಭಾಗಿಸಿದರೆ ಸೆಕೆಂಡಿಗೆ ಹೊರಟುಹೋಗುವ ಶಾಖ ದೊರೆಯುತ್ತದೆ. ಕೊಬ್ಬಿನ ಪದರ ೫ ಮಿಲಿಮೀಟರಾದರೆ ವೆಚ್ಚ ೨೪೦೦ ವಾಟಿನ ಹತ್ತಿರ. ೧೦ ಮಿಲಿಮೀಟರಾದರೆ ೧೨೦೦ರ ಹತ್ತಿರ. ೨೦ ಮಿಲಿಮೀಟರಾದರೆ ೬೦೦ರ ಹತ್ತಿರ. ಆದಾಯ ೭೦೦ ಎಂಬುದನ್ನು ನೆನೆಯಿರಿ. ಹತ್ತು ಮಿಲಿಮೀಟರಿನವನಿಗೆ ಪ್ರತಿ ಸೆಕೆಂಡಿಗೂ ೫೦೦ ಜೂಲುಗಳ ನಷ್ಟ. ೭೦ ಕಿಲೋಗ್ರಾಂ ತೂಕದ ದೇಹ ಈ ನಷ್ಟದಿಂದ ಎಂಟು ನಿಮಿಷಕ್ಕೊಂದು ಡಿಗ್ರಿಯಂತೆ ತಣ್ಣಗಾಗಬೇಕು. ಎರಡು ಡಿಗ್ರಿ ಇಳಿದು ೩೫ಕ್ಕೆ ಬಂದರೆ ವೈದ್ಯರು ಅಪಾಯದ ಗಂಟೆ ಬಾರಿಸುತ್ತಾರೆ. ೩೦ರ ಹತ್ತಿರಕ್ಕೆ ಬರುವ ವೇಳೆಗೆ ಪ್ರಜ್ಞೆ ತಪ್ಪುತ್ತದೆ. ಇಪ್ಪತ್ತು ಮಿಲಿಮೀಟರಿನವನಿಗಾದರೋ ಲೆಕ್ಕ ಸರಿದೂಗುತ್ತದೆ.

ಇದು ತರಗತಿಯ ಕಪ್ಪುಹಲಗೆಯ ಲೆಕ್ಕ. ದೇಹ ಇಷ್ಟು ಸರಳವಲ್ಲ. ಚಳಿ ತಾಗಿದೊಡನೆ ಚರ್ಮದ ರಕ್ತನಾಳಗಳು ಮುಚ್ಚಿಕೊಂಡು ಶಾಖವನ್ನು ಒಳಗೇ ಕೂಡಿಡುತ್ತವೆ. ಸುಮ್ಮನಿರುವ ಸ್ನಾಯುಗಳೂ ಸ್ವಲ್ಪ ಹೊದಿಕೆಯ ಕೆಲಸ ಮಾಡುತ್ತವೆ. ಕೈಕಾಲುಗಳು ಮೊದಲು ತಣ್ಣಗಾಗಿ, ಹೃದಯ ಮಿದುಳುಗಳ ಸರದಿ ನಿಧಾನವಾಗಿ ಬರುತ್ತದೆ. ಹೀಗಾಗಿ ಎಂಟು ನಿಮಿಷವೆಂಬ ಲೆಕ್ಕ ನಿಜವಾಗಿ ಇನ್ನಷ್ಟು ಉದ್ದವಾಗುವುದು. ಆದರೂ ಯಾರು ಬದುಕುತ್ತಾರೆ, ಯಾರು ಬದುಕುವುದಿಲ್ಲವೆಂಬುದಕ್ಕೆ ಆ ಭಾಗಾಕಾರದ ಛೇದವೇ ಮುಖ್ಯವೆಂಬುದು ಅನುಭವದಿಂದ ಸಿದ್ಧವಾಗಿದೆ.

ಎವರೆಸ್ಟ್ ಶಿಖರವನ್ನು ಮೊದಲು ಏರಿದ ೧೯೫೩ರ ತಂಡದಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರವಿಜ್ಞಾನಿಯಿದ್ದ. ಆತನೂ ಎಡ್‌ಹೋಮ್ ಎಂಬಾತನೂ ಕೂಡಿ ಇಂಗ್ಲಿಷ್ ಕಾಲುವೆಯ ಈಜುಗಾರರನ್ನು ಪರೀಕ್ಷಿಸಿ ೧೯೫೫ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರ ಮುಖ್ಯ ಪಾತ್ರ ಜೇಸನ್ ಜಿರ್ಗಾನೋಸ್ ಎಂಬ ಸ್ಥೂಲಕಾಯದ ಗ್ರೀಕ್ ಈಜುಗಾರ. ಹೋಲಿಕೆಗೆ ತೆಳ್ಳಗಿದ್ದ ಪ್ಯೂ ತಾನೇ ತಣ್ಣೀರಿಗಿಳಿದ. ಗ್ರೀಕನು ಗಂಟೆಗಟ್ಟಲೆ ತಡೆದುಕೊಂಡ ನೀರಿನಲ್ಲಿ ವಿಜ್ಞಾನಿಯ ದೇಹ ಬೇಗನೆ ತಣ್ಣಗಾಯಿತು. ಕೊಬ್ಬೇ ಕಾರಣವೆಂಬುದು ಸ್ಪಷ್ಟವಾಯಿತು. ಆದರೆ ಕೊಬ್ಬಿಗೂ ಒಂದು ಎಲ್ಲೆಯುಂಟು. ಅದೇ ಜಿರ್ಗಾನೋಸ್ ೧೯೫೯ರಲ್ಲಿ ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಣ, ಇನ್ನೂ ತಣ್ಣನೆಯ ಉತ್ತರ ಕಾಲುವೆಯನ್ನು ದಾಟಹೊರಟು ಪ್ರಾಣ ಬಿಟ್ಟ.

ಕೀಟಿಂಜ್ ಪರೀಕ್ಷಿಸಿದ ಇನ್ನೊಬ್ಬನ ಕಥೆ ಇನ್ನೂ ಅದ್ಭುತವಾದದ್ದು. ೧೯೮೪ರ ಮಾರ್ಚಿಯಲ್ಲಿ ಐಸ್‌ಲೆಂಡಿನ ದಕ್ಷಿಣಕ್ಕೆ ಮೀನುದೋಣಿಯೊಂದು ಮಗುಚಿತು. ಗುಡ್ಲಾಗುರ್ ಫ್ರಿಡ್‌ಥೋರ್ಸನ್ ಎಂಬ ಯುವಕನೊಬ್ಬನ ಹೊರತು ಉಳಿದವರೆಲ್ಲ ತೀರಿಕೊಂಡರು. ಈತ ಐದಾರು ಡಿಗ್ರಿಯ ನೀರಿನಲ್ಲಿ, ರಾತ್ರಿಯಲ್ಲಿ, ಐದಾರು ಗಂಟೆ ಈಜಿ ದಡ ಸೇರಿ, ಬರಿಗಾಲಿನಲ್ಲಿ ಲಾವಾಕಲ್ಲಿನ ಮೇಲೆ ನಡೆದು ಊರು ಮುಟ್ಟಿದ. ಆತನ ಚರ್ಮದಡಿಯ ಕೊಬ್ಬು ೧೪ ಮಿಲಿಮೀಟರೆಂದು ತಿಳಿದುಬಂತು. ನಮ್ಮ ಸೂತ್ರದಲ್ಲಿ ೧೪ನ್ನು ಹಾಕಿದರೆ ವೆಚ್ಚ ೮೫೦ ವಾಟು. ಆದಾಯಕ್ಕಿಂತ ಸ್ವಲ್ಪವೇ ಹೆಚ್ಚು. ರಕ್ತನಾಳಗಳ ಜಿಪುಣತನ ಆ ಕೊರತೆಯನ್ನು ತುಂಬಿಕೊಟ್ಟಿರಬೇಕು.

ಲಿನ್ ಕಾಕ್ಸಳ ಮೈಕಟ್ಟೂ ಹೀಗೆಯೇ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಚ್ಚಾಗುವ ಕಡ್ಡಿಯಂಥ ಓಟಗಾರರ ಮೈ ಅವಳದಲ್ಲ. ಬಲವಾದ ಸ್ನಾಯುಗಳ ಮೇಲೆ ಸಮನಾಗಿ ಹರಡಿದ ಕೊಬ್ಬಿನ ಪದರ ಅವಳಿಗಿತ್ತು. ಸ್ನಾಯು ಸಮುದ್ರದ ನೀರಿಗಿಂತ ತೂಕವಾದದ್ದು, ಕೊಬ್ಬು ಹಗುರವಾದದ್ದು. ಇವೆರಡೂ ಸೇರಿ ಆಕೆಯ ಸಾಂದ್ರತೆ ಸಮುದ್ರದ ನೀರಿಗೆ ಸಮನಾಗಿತ್ತೆಂದು ಆಕೆಯೇ ಬರೆದುಕೊಂಡಿದ್ದಾಳೆ. ಆರ್ಕಿಮಿಡೀಸನ ನಿಯಮದಂತೆ ಅಂಥವರು ತೇಲುವುದಕ್ಕೆ ಶಕ್ತಿ ವ್ಯಯಿಸಬೇಕಾಗಿಲ್ಲ. ಉತ್ಪಾದಿಸಿದ್ದೆಲ್ಲ ಮುನ್ನಡೆಗೂ ಶಾಖಕ್ಕೂ ಸಲ್ಲುತ್ತದೆ. ಕಾಲುವೆಯ ಈಜುಗಾರರು ಮೈಗೆ ಬಳಿದುಕೊಳ್ಳುವ ಉಣ್ಣೆಯ ಜಿಡ್ಡು ಚಳಿಯನ್ನು ತಡೆಯುವುದೆಂಬ ನಂಬಿಕೆ ಹಳೆಯದು. ಅರ್ಧ ಮಿಲಿಮೀಟರಿನ ಜಿಡ್ಡನ್ನು ಮೇಲಿನ ಸೂತ್ರಕ್ಕೆ ಸೇರಿಸಿ ನೋಡಿದರೆ ಅದರ ಪ್ರಯೋಜನ ಅಷ್ಟಕ್ಕಷ್ಟೇ ಎಂಬುದು ತಿಳಿಯುತ್ತದೆ. ಚರ್ಮ ಉಜ್ಜಿ ಹುಣ್ಣಾಗದಂತೆ ಅದು ಕಾಪಾಡುತ್ತದೆ, ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಈಜಿದರೆ ಶಾಖ ಹುಟ್ಟುತ್ತದೆಂದು ಹೇಳಿದೆನಷ್ಟೆ? ಆದರೆ ಈಜುವಾಗ ತೋಳುಗಳಿಗೆ ರಕ್ತ ನುಗ್ಗುತ್ತದೆ. ತೋಳಿನ ಮೇಲೆ ಕೊಬ್ಬು ತೆಳು. ತೆಳ್ಳಗಿನವನು ಕೈಬೀಸಿದಷ್ಟೂ ಬಿಸಿರಕ್ತವನ್ನು ಕಡಲಿಗೆ ಒಡ್ಡಿದಂತಾಗುತ್ತದೆ. ಅಂಥವನು ಸುಮ್ಮನೆ ಮುದುರಿಕೊಂಡು ತೇಲುವುದಕ್ಕಿಂತ ಈಜಿದಾಗಲೇ ಬೇಗ ತಣ್ಣಗಾಗುತ್ತಾನೆಂಬುದನ್ನು ಕೀಟಿಂಜ್ ೧೯೬೦ರ ಸುಮಾರಿನಲ್ಲೇ ಪ್ರಯೋಗದಿಂದ ತೋರಿಸಿದ. ಹಡಗು ಮುಳುಗಿದವರಿಗೆ, ದಡ ಕೈಗೆಟುಕುವಂತಿಲ್ಲದಿದ್ದರೆ, ತೇಲುಡುಗೆಯಲ್ಲಿ ಮೊಣಕಾಲನ್ನು ಎದೆಗೆ ಸೇರಿಸಿಕೊಂಡು ಅಲುಗದಿರಿ ಎಂದು ಇಂದು ಕಲಿಸುವುದು ಇದರಿಂದಲೇ.

ಇಷ್ಟು ಹೊತ್ತು ಹೇಳಿದ್ದು ದೇಹ ತಣ್ಣಗಾಗಿ ಸಾಯುವ ಮಾತು. ಆದರೆ ತಣ್ಣೀರಿಗೆ ಬಿದ್ದವರಲ್ಲಿ ಅನೇಕರು ಹಾಗೆ ಸಾಯುವುದೇ ಇಲ್ಲ. ಅದಕ್ಕೆ ಬೇಕಾದಷ್ಟು ಕಾಲ ಅವರು ಬದುಕಿರುವುದಿಲ್ಲ. ಚರ್ಮದ ಉಷ್ಣತೆ ಥಟ್ಟನೆ ಇಳಿದೊಡನೆ ದೇಹ ನಮ್ಮ ಅಪ್ಪಣೆಯಿಲ್ಲದೆ ಒಂದು ದೀರ್ಘ ಉಸಿರನ್ನು ಎಳೆದುಕೊಳ್ಳುತ್ತದೆ. ಅನಂತರ ಎರಡು ಮೂರು ನಿಮಿಷ ಉಸಿರಾಟ ಏದುಸಿರಾಗುತ್ತದೆ, ಹೃದಯ ಹೊಡೆದುಕೊಳ್ಳುತ್ತದೆ. ಶಾಂತವಾಗಿ ನಿಂತಾಗ ಒಂದು ನಿಮಿಷ ಉಸಿರು ಹಿಡಿಯಬಲ್ಲವನು ಹಿಮದಂಥ ನೀರಿನಲ್ಲಿ ಕೆಲವು ಸೆಕೆಂಡು ಕೂಡ ಹಿಡಿಯಲಾರ. ಆ ಮೊದಲ ಉಸಿರಿನ ಸಮಯದಲ್ಲಿ ಬಾಯಿ ನೀರಿನೊಳಗಿತ್ತೋ, ಮುಗಿಯಿತು. ಕೆನಡದ ವಿಜ್ಞಾನಿ ಗೀಸ್‌ಬ್ರೆಕ್ಟ್ ಇದನ್ನೆಲ್ಲ ಮೂರು ಅಂಕಿಗಳಲ್ಲಿ ನೆನಪಿಡುವಂತೆ ಹೇಳಿದ್ದಾನೆ: ಹಿಮದಂಥ ನೀರಿಗೆ ಬಿದ್ದರೆ ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಒಂದು ಗಂಟೆ.

ಈ ಪ್ರತಿಕ್ರಿಯೆ ಧ್ರುವಪ್ರದೇಶಕ್ಕೆ ಮಾತ್ರ ಮೀಸಲಲ್ಲ. ನೀರು ೨೫ ಡಿಗ್ರಿಗಿಂತ ಕೆಳಗಿದ್ದರೆ ಅದು ಕಾಣಿಸಿಕೊಳ್ಳತೊಡಗುತ್ತದೆ. ಹತ್ತು ಹದಿನೈದು ಡಿಗ್ರಿಗಳ ವೇಳೆಗೆ ಅತ್ಯಂತ ತೀವ್ರವಾಗುತ್ತದೆ. ಅಂದರೆ ನಮ್ಮ ಬಾವಿಯೂ, ನೆರಳಿನ ಕಲ್ಲುಕ್ವಾರಿಯ ಹೊಂಡವೂ ಅದರ ಹೊಸ್ತಿಲಿನ ಮೇಲೆಯೇ ಇವೆ. ಬಿಸಿಲಿನಲ್ಲಿ ಕಾದ ಮೈಯೊಡನೆ ಎತ್ತರದಿಂದ ಧುಮುಕಿದ ನನ್ನ ಬಾಯಿ ತಾನಾಗಿ ತೆರೆದದ್ದು ಇದರಿಂದಲೇ. ಮಾವ ಹೇಳಿದ ಉಪಾಯ ಇದಕ್ಕೇ ಮದ್ದು: ಚರ್ಮ ಸ್ವಲ್ಪ ಸ್ವಲ್ಪವಾಗಿ ತಣ್ಣಗಾದರೆ, ಅದೂ ತಲೆ ಮೇಲಿರುವಾಗಲೇ ಆದರೆ, ಆ ಉಸಿರು ಬಂದರೂ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಪ್ರಯೋಗಗಳಿಂದ ಗೊತ್ತಾಗಿದೆ. ಕೆಲವೇ ನಿಮಿಷಗಳಂತೆ ಐದಾರು ಸಲ ತಣ್ಣೀರಿನಲ್ಲಿ ಮುಳುಗಿ ಎದ್ದವರಲ್ಲಿ ಈ ಆಘಾತ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಆ ಅಭ್ಯಾಸ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಕ್ಸಳಿಗಾಗಲಿ, ೨೦೧೫ರಲ್ಲಿ ಅಂಟಾರ್ಕ್‌ಟಿಕದ ಒಂದು ಡಿಗ್ರಿಯ ನೀರಿನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಈಜಿದ ನಮ್ಮ ದೇಶದ ಭಕ್ತಿ ಶರ್ಮಳಿಗಾಗಲಿ ವರ್ಷಗಳ ಅಭ್ಯಾಸವಿತ್ತು. ಕೊಬ್ಬನ್ನು ಹುಟ್ಟು ಕೊಡಬಹುದು. ಆ ಮೊದಲ ನಿಮಿಷವನ್ನು ಗೆಲ್ಲುವುದನ್ನು ಕಲಿತೇ ಸಂಪಾದಿಸಬೇಕು.

ದೊಡ್ಡ ಡಯೋಮೀಡಿನ ದಡದಲ್ಲಿ ಸೋವಿಯೆತ್ ಸೈನಿಕರೂ ಅಧಿಕಾರಿಗಳೂ ಕಂಬಳಿ ಹಿಡಿದು ಕಾದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಷಿಪಣಿ ಒಪ್ಪಂದಕ್ಕೆ ಸಹಿಹಾಕಲು ವಾಷಿಂಗ್ಟನ್ನಿಗೆ ಬಂದ ಗೋರ್ಬಚೇವ್, ಎರಡು ದೇಶಗಳು ಎಷ್ಟು ಹತ್ತಿರವೆಂಬುದಕ್ಕೆ ಈ ಈಜನ್ನೇ ದೃಷ್ಟಾಂತವಾಗಿ ಕೊಟ್ಟನು. ಆದರೆ ದಡ ಮುಟ್ಟಿದ ಕಾಕ್ಸಳ ಪಾಲಿಗೆ ಅಪಾಯ ಇನ್ನೂ ಮುಗಿದಿರಲಿಲ್ಲ. ಒಲೆಯಿಂದ ಇಳಿಸಿದ ಮುದ್ದೆಯ ಹೊರಮೈ ಆರಿದ ಮೇಲೂ ಒಳಗಿನ ಬಿಸಿ ಹೊರಕ್ಕೆ ಬರುತ್ತಲೇ ಇರುತ್ತದಲ್ಲವೆ? ಹಾಗೆಯೇ ನೀರಿನಿಂದ ಹೊರಬಂದ ಮೇಲೂ ದೇಹದ ಒಳಗಿನ ಶಾಖ ತಣ್ಣಗಾದ ಹೊರಪದರಗಳಿಗೆ ಹರಿಯುತ್ತಿರುತ್ತದೆ. ಕೈಕಾಲುಗಳಲ್ಲಿ ತಣ್ಣಗಾಗಿ ನಿಂತ ರಕ್ತ ಹೃದಯಕ್ಕೆ ಮರಳುತ್ತದೆ. ಹತ್ತರಿಂದ ಮೂವತ್ತು ನಿಮಿಷದವರೆಗೆ ಒಳಗಿನ ಉಷ್ಣತೆ ಇನ್ನೂ ಇಳಿಯುತ್ತ ಹೋಗಬಹುದು. ನೀರಿನಿಂದ ಎತ್ತಿದ ಮೇಲೆ ದೋಣಿಯಲ್ಲಿ ಸತ್ತವರ ದೃಷ್ಟಾಂತಗಳು ಕಡಲ ಚರಿತ್ರೆಯಲ್ಲಿ ಕಡಮೆಯಿಲ್ಲ. ಆದ್ದರಿಂದ ಅಂಥವರನ್ನು ಓಡಾಡಿಸಬಾರದು, ಕೈಕಾಲು ತಿಕ್ಕಬಾರದು, ಬ್ರಾಂದಿ ಕುಡಿಸಬಾರದು. ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಎದೆ ಕಂಕುಳುಗಳಿಗೆ ಮಾತ್ರ ಶಾಖ ಕೊಡಬೇಕು. ಕಾಕ್ಸಳನ್ನು ಗುಡಾರದೊಳಕ್ಕೆ ಒಯ್ದು ಬಿಸಿನೀರಿನ ಚೀಲಗಳನ್ನಿಟ್ಟು ಹೊದಿಸಿದರು. ಆಕೆ ಬಹಳ ಹೊತ್ತು ನಡುಗಿದಳು. ನಡುಗುವ ದೇಹ ಇನ್ನೂ ತಾನೇ ಶಾಖ ಹುಟ್ಟಿಸುತ್ತಿದೆಯೆಂದು ಅರ್ಥ. ತಣ್ಣಗಾದವನು ಬೆಚ್ಚಗಾಗುವ ಮುಂಚೆಯೇ ನಡುಗುವುದನ್ನು ನಿಲ್ಲಿಸಿದರೆ ವೈದ್ಯರು ಗಾಬರಿಯಾಗುತ್ತಾರೆ.